ಸೀಸನ್ ಆದ ಕಟ್ಟಿಗೆಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಹಸಿ ಮರ ಕಡಿದು, ತುಂಡು ಮಾಡಿ, ಒಡೆದು, ಗಾಳಿಯಾಡುವ ಕಡೆ ಒಟ್ಟಿಟ್ಟು, ವರ್ಷವೋ ಎರಡು ವರ್ಷವೋ ಬಿಟ್ಟ ಮೇಲೆ ಒಲೆಗೆ ತಕ್ಕ ಹಾಗೆ ಆಗುತ್ತಲ್ಲ, ಆ ಕಟ್ಟಿಗೆಗೆ ಇಂಗ್ಲಿಷಿನಲ್ಲಿ ‘ಸೀಸನ್ಡ್’ ಅಂತಾರೆ. ಕನ್ನಡದಲ್ಲಿ ಏನನ್ನೋಣ? ‘ಒಣ ಕಟ್ಟಿಗೆ’ ಅಂದರೆ ಆಯಿತಲ್ವಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಆಗುವುದಿಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮ ಅಕ್ಕನ ಮಗಳು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದಾಳೆ. ಕಟ್ಟಿಗೆ ಉರಿಸಿ ಮನೆ ಬೆಚ್ಚಗಿಟ್ಟುಕೊಳ್ಳುವವರು ಅಲ್ಲಿ ಬಹಳ. ಅವಳ ಮನೆಯ ನಡುವೆಯೂ ಒಂದು ಎರಕದ ಕಬ್ಬಿಣದ ಒಲೆ ಇದೆ, ಚಳಿಗಾಲ ಮುಗಿಯುವ ತನಕ ಅದರದ್ದೇ ಯಜಮಾನಿಕೆ. ಧಾರವಾಡದಲ್ಲಿರುವ ಅವ್ವ ಓದಲಿ ಅಂತ ಅವಳು ಈ ಕಟ್ಟಿಗೆ ಪುರಾಣವನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ನಡುನಡುವೆ ಪದ ಸಿಗದಿದ್ದಾಗ ನನಗೆ ಸಂದೇಶ, "ಮಾಮಾ, ಇದಕ್ಕ ಏನಂತಾರ?" ಒಂದು ಸಲ ಯಂತ್ರಾನುವಾದಕ್ಕೆ ಹಾಕಿ ನೋಡಿದಳಂತೆ, ‘ಮಸಾಲೆ ಹಾಕಿದ ಮರ’ ಅಂತ ಬಂತು. ಅಲ್ಲಿಯ ಆ್ಯಶ್ ಮರ ‘ಬೂದಿ ಮರ’ ಆಗಿತ್ತು. ಆ ಮರಕ್ಕೆ ಬರುವ ಒಂದು ಹಸಿರು ಕೊರಕ ಹುಳ 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾಯಿತು, ಅದು ಕಟ್ಟಿಗೆಯ ಜೊತೆ ಊರೂರು ಹರಡುತ್ತದೆ ಅಂತ ಉರುವಲನ್ನು ದೂರದಿಂದ ತರಬೇಡಿ, ಇದ್ದಲ್ಲೇ ಕೊಂಡು ಇದ್ದಲ್ಲೇ ಉರಿಸಿ ಅಂತ ಅಲ್ಲಿ ಎಲ್ಲ ಕಡೆ ಹೇಳುತ್ತಾರೆ. ಆ ಸೂಚನೆ ‘ಬೂದಿ ಕೊರೆಯುವ ಹುಳ’ ಅಂತ ಬಂದರೆ ಓದುವವರು ಏನು ತಿಳಿಯಬೇಕು ಹೇಳಿ.

ಇಂಥದಕ್ಕೆಲ್ಲ ‘ಕಾಷ್ಠ ಸಂಗ್ರಹಣೆ’, ‘ದಾರು ವಿಭಜನೆ’ ಅಂತ ಹೊಸದಾಗಿ ಕಟ್ಟಿಕೊಡುವವರು ಸಿಗುತ್ತಾರೆ, ಗೊತ್ತು. ಬೇಡ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆ ಈ ಕೆಲಸದ ಮಾತು ಬೇಕಾದಷ್ಟಿವೆ. ಆದರೆ ಅವು ಚಳಿಗಾಲದ ಪೆಟ್ಟಿಗೆಯಲ್ಲಿಲ್ಲ, ಮಳೆಗಾಲದಲ್ಲಿ, ಬಚ್ಚಲಲ್ಲಿ, ಬಾಣಂತಿ ಕೋಣೆಯಲ್ಲಿ ಇವೆ. ನಮ್ಮಲ್ಲಿ ಮನೆಯನ್ನು ಬಿಸಿ ಮಾಡುವಷ್ಟು ಚಳಿ ಎಲ್ಲಿದೆ? ನಾವು ಕಟ್ಟಿಗೆ ಕೂಡಿಹಾಕಿದ್ದು ಮಳೆಗೆ ಹೆದರಿ. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವುದರೊಳಗೆ ಕಟ್ಟಿಗೆ, ಕುಳ್ಳು ಎಲ್ಲ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಶ್ರಾವಣದ ತನಕ ಊದುಗೊಳವೆ ಹಿಡಿದು ಕಣ್ಣೀರು ಹಾಕಬೇಕು.

ಒಡೆಯುವ ಕೆಲಸಕ್ಕೆ ಪದದ ಬರ ಇಲ್ಲವೇ ಇಲ್ಲ. ನಿಂತ ಮರಕ್ಕೆ ಕಡಿ, ಗರಗಸಕ್ಕೆ ಕೊಯ್ಯಿ, ಕೊಡಲಿಯಿಂದ ಉದ್ದಕ್ಕೆ ಎರಡಾಗಿಸಲು ಒಡೆ. ಬಿದಿರು, ಅಡಿಕೆ ಮರದಂಥ ಎಳೆ ನೆಟ್ಟಗಿರುವ ಮರವಾದರೆ ಸೀಳು, ಸಿಗಿ. ಅವಳು ಮೊದಲು ಎಲ್ಲದಕ್ಕೂ ‘ಕತ್ತರಿಸು’ ಅಂತ ಬರೆದಿದ್ದಳು, ಕತ್ತರಿ ಹಿಡಿದು ಮರದ ಮುಂದೆ ನಿಂತ ಹಾಗಿತ್ತು. ಮರ ಕಡಿದರು, ದಿಮ್ಮಿ ಕೊಯ್ದರು, ಕಟ್ಟಿಗೆ ಒಡೆದರು. ಅಷ್ಟೇ ಸಾಕು. ಒಡೆಯಲು ಇಟ್ಟ ಮೋಟು ತುಂಡಿಗೆ ನಾನು ‘ಕೊರಡು’ ಕೊಟ್ಟಿದ್ದೇನೆ. ಆ ಪದ ಕೇಳಿದ ಕೂಡಲೇ ಮನಸ್ಸು ವಚನದ ಕಡೆ ಓಡುತ್ತದೆ, ಓಡಲಿ ಬಿಡಿ.

ಅಲ್ಲಿ ಒಡೆಯಲು ಬಳಸುವ ಸಾಮಾನು ನಮ್ಮ ಕೊಡಲಿಯಲ್ಲ. ಬಾಯಿ ಮೊಂಡು, ತಲೆ ದಪ್ಪ, ತಲೆಯದೇ ಸುಮಾರು ಮೂರು ಕಿಲೋ ತೂಕ. ಹೆಸರು ‘ಮಾಲ್’. ಅದು ಕತ್ತರಿಸುವುದಿಲ್ಲ, ಎಳೆಯ ನಡುವೆ ಹೊಕ್ಕು ಎರಡೂ ಕಡೆ ಅಗಲಿಸುತ್ತದೆ, ಅಂದರೆ ಹಿಡಿಕೆ ಇರುವ ಬೆಣೆ. ಹೀಗಾಗಿ ‘ಬೆಣೆಗೊಡಲಿ’ ಅಂದೆ. ಹುಣಸೆ ಬೊಡ್ಡೆ ಒಡೆಯುವಾಗ ನಮ್ಮವರು ಕೊಡಲಿಯಲ್ಲಿ ಒಂದು ಬಾಯಿ ಬಿಡಿಸಿ, ಅದರಲ್ಲಿ ಕಬ್ಬಿಣದ ಬೆಣೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುವುದನ್ನು ನೋಡಿದವರಿಗೆ ಈ ಹೆಸರು ಹೊಸದು ಅನಿಸಲಿಕ್ಕಿಲ್ಲ. ಕೊಡಲಿಯ ಹಿಡಿಕೆಗೆ ‘ಕಾವು’ ಅಂತಾರಲ್ಲ, ಬೆಂಕಿಯ ಬಿಸಿಗೂ ‘ಕಾವು’. ಅವಳ ಬರಹದಲ್ಲಿ ಎರಡೂ ಒಂದೇ ಪುಟದಲ್ಲಿ ಬಂದು ಅಕ್ಕ ಫೋನ್ ಮಾಡಿ ನಕ್ಕಳು.

ಒಟ್ಟುವುದರ ಬಗ್ಗೆ ಒಂದು ಜಗಳ ಆಗಿದೆ. "ಬೇಸಿಗೆಯ ಮೊದಲೇ ಕಟ್ಟಿಗೆ ಒಟ್ಟಿದೆವು" ಅಂತ ಇವಳು ಬರೆದದ್ದನ್ನು ಬೆಂಗಳೂರಿನ ಗೆಳತಿಯೊಬ್ಬಳು "ಒಟ್ಟುಗೂಡಿಸಿದೆವು" ಅಂತ ತಿದ್ದಿದಳಂತೆ. ಎರಡೂ ಬೇರೆ ಬೇರೆ. ಬಣವಿ ಒಟ್ಟುತ್ತೇವೆ, ಕುಳ್ಳು ಒಟ್ಟುತ್ತೇವೆ, ಅಂದರೆ ಬೀಳದ ಹಾಗೆ ಒಂದರ ಮೇಲೊಂದು ಜೋಡಿಸುವುದು. ಒಟ್ಟುಗೂಡಿಸುವುದು ಅಂದರೆ ಅಲ್ಲಿ ಇಲ್ಲಿ ಬಿದ್ದದ್ದನ್ನು ತಂದು ರಾಶಿ ಹಾಕುವುದು. ವರ್ಮಾಂಟಿನ ಕೆಲಸ ಮೊದಲನೆಯದು. ನೆಲಕ್ಕೆ ತಾಗದಂತೆ ಕೆಳಗೆ ಎರಡು ಗಳ ಹಾಕಿ, ಸಾಲು ಸಾಲಾಗಿ ಒಟ್ಟಿ, ಮೇಲೆ ಮಾತ್ರ ತಾಡಪತ್ರಿ ಮುಚ್ಚುತ್ತಾರೆ, ಬದಿ ತೆರೆದೇ ಇರುತ್ತದೆ. ಪೂರ್ತಿ ಮುಚ್ಚಿದರೆ ಒಳಗಿನ ಹಸಿ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ನಾವು ಮಳೆಗೆ ಹೆದರಿ ಅಡಿಯಿಂದ ಮುಡಿಯವರೆಗೆ ಮುಚ್ಚುವವರು, ನಮಗೆ ಇದು ವಿಚಿತ್ರ.

ಇನ್ನು ಚಿಮಣಿ. ಅವಳು ಸಹಜವಾಗಿ "ಚಿಮಣಿ ಸ್ವಚ್ಛ ಮಾಡಿಸಿದೆವು" ಅಂತ ಬರೆದಳು. ನಮ್ಮ ಅಕ್ಕ ಓದಿ, "ಅಮೆರಿಕಾದಾಗೂ ಲೈಟ್ ಹೋಗ್ತಾವೇನ?" ಅಂತ ಕೇಳಿದಳು! ನಮ್ಮ ಕಡೆ ಚಿಮಣಿ ಅಂದರೆ ಬುಡ್ಡಿ ದೀಪ, ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹೊಗೆ ಹೋಗಲು ಇದ್ದದ್ದು ಬೆಳಕಿಂಡಿ, ಅದು ಬೆಳಕಿಗೂ ಅದೇ, ಹೊಗೆಗೂ ಅದೇ. ಆದರೆ ಒಲೆಯಿಂದ ಹೊರಟು ಚಾವಣಿ ದಾಟುವ ಕೊಳವೆಗೆ ಬೆಳಕಿಂಡಿ ಅನ್ನಲಾಗದು. ‘ಹೊಗೆಗೊಳವೆ’ ಇರಲಿ ಅಂದೆ. ಹಸಿ ಕಟ್ಟಿಗೆ ಉರಿಸಿದಾಗ ಆ ಕೊಳವೆಯ ಒಳಮೈಗೆ ಕಪ್ಪಗೆ ಅಂಟುವ ‘ಕ್ರಿಯೋಸೋಟ್’ಗೆ ‘ಹೊಗೆಜಿಡ್ಡು’. ಬರೀ ಮಸಿ ಅನ್ನಲಿಕ್ಕೆ ಬರುವುದಿಲ್ಲ, ಮಸಿ ಒರೆಸಿದರೆ ಹೋಗುತ್ತದೆ. ಇದು ಹೋಗುವುದಿಲ್ಲ, ಗಟ್ಟಿಯಾಗುತ್ತದೆ, ದಪ್ಪವಾದರೆ ಅದಕ್ಕೇ ಬೆಂಕಿ ಹತ್ತಿ ಮನೆಯೇ ಸುಡುವ ಅಪಾಯ. ಬಚ್ಚಲಲ್ಲಿ ನೀರು ಕಾಸುವ ಬಂಬಿನ ನಡುಗೊಳವೆಯೊಳಗೆ ಕೈ ಹಾಕಿ ನೋಡಿದವರಿಗೆ ಇದರ ತಮ್ಮನ ಪರಿಚಯ ಇದೆ.

ಬೆಚ್ಚಗಾಗುವ ಮಾತಿನಲ್ಲಿ ಮಾತ್ರ ನಾವು ಸ್ವಲ್ಪ ಬಡವರು. ನೀರು ಕಾಸುತ್ತೇವೆ, ಬೆಂಕಿ ಕಾಸಿಕೊಳ್ಳುತ್ತೇವೆ, ಬಾಣಂತಿಗೆ ಮೈ ಕಾಸುತ್ತೇವೆ. ಮನೆ ಕಾಸುವುದಿಲ್ಲ. ‘ಮನೆ ಕಾಯುವ ಒಲೆ’ ಅಂತ ಬರೆದರೆ ಬಾಗಿಲಲ್ಲಿ ನಾಯಿಯ ಬದಲು ಒಲೆ ಕಟ್ಟಿದಂತೆ. ಸುಮ್ನೆ ‘ಮನೆ ಬೆಚ್ಚಗಿಡುವ ಒಲೆ’ ಅನ್ನಬೇಕು. ಹೊರಸಿನ ಕೆಳಗೆ ಇಡುತ್ತಿದ್ದ ಅಗ್ಗಿಷ್ಟಿಕೆ ಚಂದದ ಪದ, ಆದರೆ ಅದು ತೆರೆದ ಕೆಂಡದ್ದು, ಮುಚ್ಚಿದ ಕಬ್ಬಿಣದ ಒಲೆಗೆ ಹೊಂದದು. ಮರಾಠಿಯಿಂದ ಬಂದ ಶೇಗಡಿಯೂ ಅಷ್ಟೆ, ಇದ್ದಲಿ ಇಲ್ಲದ ಶೇಗಡಿ ನಾನು ಊಹಿಸಲಾರೆ. ಇನ್ನೊಂದು ಮಾತು, ಉರಿಯುವ ತುಂಡಿಗೆ ‘ಕೊಳ್ಳಿ’ ಅಂತ ಬರೆಯಬೇಡ ಅಂದೆ. ಪದ ಸರಿಯಾದದ್ದೇ. ಆದರೆ "ಮಗ ಕೊಳ್ಳಿ ಇಟ್ಟ" ಅಂತ ಬಂದರೆ ಹಿರಿಯರು ಪತ್ರ ಅಲ್ಲಿಗೇ ಮಡಚಿಡುತ್ತಾರೆ.

ಅಳತೆಗೆ ಬರೋಣ. ಅಲ್ಲಿ ಕಟ್ಟಿಗೆ ಮಾರುವುದು ‘ಕಾರ್ಡ್’ ಲೆಕ್ಕದಲ್ಲಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಒಟ್ಟಿದ ಒಂದು ಒಟ್ಟಿಲು, 128 ಘನ ಅಡಿ. ಈ ‘ಕಾರ್ಡ್’ ಅಂದರೆ ಇಂಗ್ಲಿಷಿನಲ್ಲಿ ಹಗ್ಗ. ಹಿಂದೆ ಹಗ್ಗ ಹಿಡಿದು ಅಳೆಯುತ್ತಿದ್ದರಂತೆ, ಹೆಸರು ಅಲ್ಲಿಂದ ಬಂತು. ‘ಫೇಸ್ ಕಾರ್ಡ್’ ಅಂತ ಇನ್ನೊಂದಿದೆ, ಮುಂದಿನಿಂದ ನೋಡಿದರೆ ಅದೇ ಎತ್ತರ, ಅದೇ ಉದ್ದ, ಆದರೆ ಒಂದೇ ಸಾಲು. ತುಂಡು 16 ಇಂಚಿನದಾದರೆ ಇದು ಪೂರ್ತಿ ಕಾರ್ಡಿನ ಮೂರನೇ ಒಂದು ಪಾಲು ಅಷ್ಟೆ. ಹೊಸಬರು ಮೋಸ ಹೋಗುವುದು ಇಲ್ಲೇ. ಇದಕ್ಕೆ ‘ಹೊರೆ’ ಅನ್ನಲಾಗದು, ಅದು ತಲೆಯ ಮೇಲಿನದು. ‘ಹೇರು’ ಅಂದರೆ ಚಕ್ಕಡಿಯದು, ಚಕ್ಕಡಿಗೆ ತಕ್ಕಂತೆ ಬದಲಾಗುತ್ತದೆ. ನನಗೆ ಹೊಳೆದದ್ದು ಬ್ರಾಸ್. ಮರಳು, ಕಡಿ (ಜಲ್ಲಿ) ತರಿಸಿದವರಿಗೆಲ್ಲ ಗೊತ್ತು, ಒಂದು ಬ್ರಾಸ್ ಅಂದರೆ 100 ಘನ ಅಡಿ. ಒಂದು ಕಾರ್ಡ್ ಅಂದರೆ ಒಂದೂಕಾಲು ಬ್ರಾಸಿಗಿಂತ ಚೂರು ಜಾಸ್ತಿ. ಅಕ್ಕನಿಗೆ ಹೀಗೆ ಹೇಳಿದ ಕೂಡಲೇ ಅರ್ಥವಾಯಿತು, ಮನೆ ಕಟ್ಟಿಸಿದವಳು. ಪದ ಮಾತ್ರ ‘ಕಾರ್ಡ್’ ಅಂತಲೇ ಇರಲಿ ಅನ್ನುವುದು ನನ್ನ ಮತ, ಬೇರೆಯವರ ಅಳತೆಗೆ ನಾವು ಹೆಸರಿಡುವುದು ಬೇಡ.

ನಮ್ಮಲ್ಲಿ ತೂಕದ ಲೆಕ್ಕ. ಕ್ವಿಂಟಲ್, ಟನ್. ಹೀಗಾಗಿ ಕೊಳ್ಳುವವನು ನೀರಿಗೂ ದುಡ್ಡು ಕೊಡುತ್ತಾನೆ. ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹಾಕಬೇಕಾದರೆ ಅದು ಶೇಕಡಾ 20ಕ್ಕಿಂತ ಕೆಳಗೆ ಇಳಿಯಬೇಕು ಅನ್ನುತ್ತಾರೆ ಅಲ್ಲಿಯವರು. ಅದಕ್ಕೆ ಎರಡು ಮುಳ್ಳಿನ ಸಣ್ಣ ಮೀಟರ್ ಬರುತ್ತದೆ, ಹೊಸದಾಗಿ ಒಡೆದ ಮೈಗೆ ಚುಚ್ಚಿ ನೋಡುತ್ತಾರೆ. ನೀರಿದ್ದರೆ ಬೆಂಕಿಯ ಬಿಸಿಯೆಲ್ಲ ಮೊದಲು ಅದನ್ನು ಆವಿ ಮಾಡುವುದಕ್ಕೇ ಖರ್ಚು, ಮನೆಗೆ ಬರುವುದು ಬರೀ ಹೊಗೆ. ಓಕ್ ಮರವಾದರೆ ಎರಡು ವರ್ಷ ಕಾಯಬೇಕು.

ಈಗ ಮೂಲ ಪ್ರಶ್ನೆ. ‘ಒಣ ಕಟ್ಟಿಗೆ’ ಯಾಕೆ ಸಾಲದು? ನಿಂತಲ್ಲೇ ಒಣಗಿದ ಮರವೂ ಒಣ ಕಟ್ಟಿಗೆಯೇ, ಹೊಲದಿಂದ ಕಿತ್ತು ತಂದ ಹತ್ತಿಕಟ್ಟಿಗೆಯೂ ಒಣ ಕಟ್ಟಿಗೆಯೇ, ಮೇಲೆ ಒಣಗಿ ಒಳಗೆ ಹಸಿ ಇರುವುದೂ ನೋಡುವವರಿಗೆ ಒಣ ಕಟ್ಟಿಗೆಯೇ. ಬೇಕೆಂದೇ ಒಡೆದು, ಕಾಲ ಕೊಟ್ಟು ಒಣಗಿಸಿದ್ದು ಅನ್ನುವುದು ಆ ಪದದಲ್ಲಿ ಬರುವುದಿಲ್ಲ. ‘ಆರಿದ ಕಟ್ಟಿಗೆ’ ಅಂದರೆ ಬೆಂಕಿ ಆರಿದ್ದೋ, ನೀರು ಆರಿದ್ದೋ? ‘ಮಾಗಿದ’ ಅಂದರೆ ಹಣ್ಣಿನ ಮಾತು. ‘ಬಲಿತ’ ಅಂದರೆ ಮರದ ವಯಸ್ಸಾಯಿತು.

‘ಹದವಾದ ಕಟ್ಟಿಗೆ’ ಅಂತ ಒಬ್ಬ ಮೇಷ್ಟ್ರು ಹೇಳಿದರು. ಚರ್ಮ ಹದ ಮಾಡುತ್ತೇವಲ್ಲ, ಅದೇ ಜಾಡು, ಕೇಳಲಿಕ್ಕೂ ಚಂದ. ಆದರೆ ನಮ್ಮ ಎರೆ ಹೊಲದವರ ಬಾಯಲ್ಲಿ ಹದ ಅಂದರೆ ಏನು? ಮಳೆಯಾಗಿ ನೆಲ ಬಿತ್ತನೆಗೆ ಬೇಕಾದಷ್ಟು ಹಸಿ ಹಿಡಿದಿದೆ ಅಂತ. ಹದ ಆರಿತು ಅಂದರೆ ಆ ಹಸಿ ಹೋಯಿತು ಅಂತ. ನವಲಗುಂದದ ರೈತನಿಗೆ ‘ಹದವಾದ ಕಟ್ಟಿಗೆ’ ಅಂದರೆ ಅವನು ಅದನ್ನು ಬಿಸಿಲಿಗೆ ಹಾಕಲು ಹೊರಡುತ್ತಾನೆ. ಬೇರೆ ಕಡೆ ನಡೆಯಬಹುದು, ಇಲ್ಲಿ ಪೂರಾ ಉಲ್ಟಾ.

ಬಡಿಗೇರರನ್ನು ಕೇಳಿದೆ, ಅವರು ಸೀದಾ "ಸೀಸನ್ ಆಗೇತ್ರಿ" ಅಂತಾರೆ. ಸಾಗವಾನಿ ಹಲಗೆಗೆ ಅದು ಸರಿ, ಬಾಗಿಲು ಸೊಟ್ಟಾಗಬಾರದಲ್ಲ. ಉರುವಲಿಗೆ ಅವರು ಆ ಪದ ಬಳಸುವುದಿಲ್ಲ.

ಕೊನೆಗೆ ಹುಬ್ಬಳ್ಳಿಯ ಒಂದು ಕಟ್ಟಿಗೆ ಅಡ್ಡೆಗೆ ಹೋದೆ. ಗ್ಯಾಸ್ ಬಂದ ಮೇಲೆ ಮನೆಯವರು ಬರುವುದು ಕಡಿಮೆ, ಬೇಕರಿ ಭಟ್ಟಿಯವರು, ಮದುವೆ ಅಡುಗೆಯವರು ಬರುತ್ತಾರೆ. ಅಲ್ಲಿ ತೂಕ ಮಾಡುತ್ತಿದ್ದ ಹಿರಿಯರು ನನ್ನ ಪ್ರಶ್ನೆ ಪೂರ್ತಿ ಕೇಳಲೇ ಇಲ್ಲ. ಜಾಲಿಯ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದರು, ಠಣ್ ಅಂತು. ಇನ್ನೆರಡು ಎತ್ತಿ ಬಡಿದರು, ದಬ್ ಅಂತು. ಮೊದಲಿನದರ ತುದಿ ತೋರಿಸಿದರು. ನಡುವಿನಿಂದ ಸುತ್ತಲೂ ಸಣ್ಣ ಸಣ್ಣ ಬಿರುಕು, ತೊಗಟೆ ಉಗುರಿಗೇ ಕಿತ್ತು ಬಂತು. "ಇದು ಒಂದ್ ಬ್ಯಾಸಗಿ ಕಂಡೈತ್ರೀ ಸರ್ರ. ಅದು ಇನ್ನೂ ಕಂಡಿಲ್ಲ."

‘ಬೇಸಿಗೆ ಕಂಡ ಕಟ್ಟಿಗೆ.’ ನನಗಂತೂ ಇದಕ್ಕಿಂತ ಚಲೋ ಸಿಕ್ಕಿಲ್ಲ. ಕಾಲ ಅದರಲ್ಲೇ ಇದೆ, ಲೆಕ್ಕವೂ ಇದೆ: ಓಕ್ ಎರಡು ಬೇಸಿಗೆ ಕಾಣಬೇಕು ಅಂತ ನೇರವಾಗಿ ಬರೆಯಬಹುದು. ‘ಬಿಸಿಲುಂಡ’ ಅಂತಲೂ ಯೋಚಿಸಿದ್ದೆ, ಆದರೆ ವರ್ಮಾಂಟಿನಲ್ಲಿ ಒಣಗಿಸುವುದು ಬಿಸಿಲಿಗಿಂತ ಜಾಸ್ತಿ ಗಾಳಿ. ಒಂದೇ ತೊಡಕು, ನಾಮಪದ ಮಾಡುವಾಗ ಉದ್ದವಾಗುತ್ತದೆ. ‘ಕಟ್ಟಿಗೆಗೆ ಬೇಸಿಗೆ ಕಾಣಿಸುವುದು’ ಅಂದರೆ ಯಾರಾದರೂ ನಗುತ್ತಾರೋ ಏನೋ. ನಕ್ಕರೂ ಅರ್ಥವಾಗುತ್ತದಲ್ವಾ?

ಈಗ ನೀವು ಹೇಳಿ. ಮುಂಡರಗಿ, ಕಪ್ಪತಗುಡ್ಡದ ಸುತ್ತಲಿನವರು ಇಂಥ ಕಟ್ಟಿಗೆಗೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ಬರೆಯಿರಿ. ಕಲಘಟಗಿ, ಹಾನಗಲ್ ಕಡೆ ಮಳೆ ಜಾಸ್ತಿ, ಅಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಕಟ್ಟಿಗೆಗೆ ಪ್ರತ್ಯೇಕ ಹೆಸರು ಇದ್ದೇ ಇರಬೇಕು ಅಂತ ನನ್ನ ಗುಮಾನಿ. ಮತ್ತೆ ಬೆಂಕಿ ಹಿಡಿಸಲು ಮೊದಲು ಇಡುವ ಸಣ್ಣ ಚೂರುಗಳಿಗೆ ಮೈಸೂರು ಕಡೆ ‘ಪುರಳೆ’ ಅಂತಾರೆ, ನಾವು ಚಕ್ಕೆ, ಕಡ್ಡಿ, ರವದಿ ಅಂತ ಕೈಗೆ ಸಿಕ್ಕದ್ದರ ಹೆಸರೇ ಹೇಳುತ್ತೇವೆ. ಎಲ್ಲಕ್ಕೂ ಸೇರಿಸಿ ಒಂದು ಪದ ಇದೆಯಾ? ಹಾವೇರಿಯವರು ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ಒಲೆ ಹಚ್ಚಲು ಇಟ್ಟುಕೊಳ್ಳುತ್ತಾರಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಅಂತಲೂ ತಿಳಿಸಿ. ಅಕ್ಕನ ಮಗಳ ಊರಿನಲ್ಲೂ ಗೋವಿನಜೋಳ ಬೆಳೆಯುತ್ತಾರಂತೆ, ಮುಂದಿನ ಪತ್ರಕ್ಕೆ ಆ ಪದ ಬೇಕು ಅಂತ ಈಗಾಗಲೇ ಕೇಳಿಟ್ಟಿದ್ದಾಳೆ.