ಯಂತ್ರ ಬಾಡಿಗೆಯ ಕರಾರಿನಲ್ಲಿ ‘ಗುತ್ತಿಗೆ’, ‘ತಗಾದೆ’, ‘ಮಧ್ಯಸ್ಥಿಕೆ’: ಅರ್ಥ ಮತ್ತು ಬಳಕೆ

ಮಾನ್ಯರೇ,

ಕಟ್ಟಡ ಕೆಲಸಕ್ಕೆ ಬೇಕಾದ ಯಂತ್ರಗಳನ್ನೂ ಸೆಂಟ್ರಿಂಗ್ ಸಾಮಾನುಗಳನ್ನೂ ಬಾಡಿಗೆಗೆ ಕೊಡುವವರು ಒಂದು ಕಡೆ, ಅವನ್ನು ತೆಗೆದುಕೊಳ್ಳುವ ಪರವಾನಗಿ ಪಡೆದ ಗುತ್ತಿಗೆದಾರರು ಇನ್ನೊಂದು ಕಡೆ ನಿಂತು ಮಾಡಿಕೊಳ್ಳುವ ಕರಾರನ್ನು ಕನ್ನಡದಲ್ಲಿ ಬರೆಯುವಾಗ ತೊಡಕುಂಟುಮಾಡುವ ಕೆಲವು ಪದಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ. ಬಾಡಿಗೆ ಬಾಕಿ ಉಳಿದು ಮಾತಿಗೆ ಮಾತು ಬೆಳೆದ ಮೇಲೆ ಇಬ್ಬರೂ ಮೊದಲು ತೆರೆದು ನೋಡುವುದು ಕರಾರು ಪತ್ರವನ್ನು. ಅಲ್ಲಿರುವ ಪದಕ್ಕೆ ಎರಡು ಅರ್ಥ ಹೊರಡುವಂತಿದ್ದರೆ ಇಬ್ಬರಿಗೂ ತಮ್ಮ ಪಕ್ಷವೇ ಸರಿ ಎನಿಸುತ್ತದೆ, ಮತ್ತು ಬರಬೇಕಾದ ಹಣ ಅಲ್ಲಿಗೇ ನಿಲ್ಲುತ್ತದೆ.

ನನ್ನ ಕೈಗೆ ಬಂದ ಒಂದು ಕರಾರಿನಲ್ಲಿ ಹೀಗಿತ್ತು: ‘ಗುತ್ತಿಗೆದಾರರು ಗುತ್ತಿಗೆ ಹಣವನ್ನು ಗುತ್ತಿಗೆ ಅವಧಿ ಮುಗಿದ ಹದಿನೈದು ದಿನಗಳೊಳಗೆ ಪಾವತಿಸತಕ್ಕದ್ದು.’ ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ದೋಷವಿಲ್ಲ. ಆದರೆ ಜಮೀನನ್ನು ಗುತ್ತಿಗೆಗೆ ಕೊಡುತ್ತೇವೆ, ಕಟ್ಟಡ ಕಟ್ಟುವ ಕೆಲಸವನ್ನೂ ಗುತ್ತಿಗೆಗೆ ಕೊಡುತ್ತೇವೆ. ಮೊದಲನೆಯದರಲ್ಲಿ ವಸ್ತುವನ್ನು ಬಳಸಿಕೊಂಡವನು ಹಣ ಕೊಡುತ್ತಾನೆ, ಎರಡನೆಯದರಲ್ಲಿ ಕೆಲಸ ಮಾಡಿದವನು ಹಣ ಪಡೆಯುತ್ತಾನೆ. ಎರಡು ಕಡೆಯಲ್ಲೂ ‘ಗುತ್ತಿಗೆದಾರ’ ಎಂಬುದೇ ಪದ. ಹಾಗಿರುವಾಗ ಮೇಲಿನ ವಾಕ್ಯದ ‘ಗುತ್ತಿಗೆ ಅವಧಿ’ ಎಂದರೆ ಮಿಕ್ಸರ್ ಯಂತ್ರವನ್ನು ಇಟ್ಟುಕೊಂಡ ಅವಧಿಯೋ, ಕಟ್ಟಡದ ಕೆಲಸ ಪೂರ್ತಿಯಾಗುವ ಅವಧಿಯೋ? ಯಂತ್ರ ಕೊಟ್ಟವರು ಅದು ಮರಳಿ ಬಂದ ದಿನದಿಂದ ಹದಿನೈದು ದಿನ ಎಣಿಸಿದರು. ಪಡೆದವರು ತಮ್ಮ ಕೆಲಸದ ಗುತ್ತಿಗೆಯೇ ಇನ್ನೂ ಮುಗಿದಿಲ್ಲ, ಆದ್ದರಿಂದ ಬಾಕಿ ಎಂಬ ಪ್ರಶ್ನೆಯೇ ಇಲ್ಲ ಎಂದರು. ಪತ್ರವನ್ನಷ್ಟೇ ಹಿಡಿದು ಓದಿದರೆ ಇಬ್ಬರಲ್ಲಿ ಯಾರನ್ನೂ ತಪ್ಪೆನ್ನಲಾಗದು.

ಇಂಥ ಪತ್ರಗಳಲ್ಲಿ ‘ಗುತ್ತಿಗೆ’ಯನ್ನು ಕಟ್ಟುವ ಕೆಲಸಕ್ಕೆ ಮಾತ್ರ ಮೀಸಲಿಟ್ಟು, ಯಂತ್ರದ ವಿಷಯ ಬಂದಲ್ಲೆಲ್ಲ ‘ಬಾಡಿಗೆ’ ಎಂದೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಬಾಡಿಗೆ ಶುರುವಾದ ದಿನ’, ‘ಬಾಡಿಗೆ ನಿಂತ ದಿನ’ ಎಂದರೆ ಯಾರಿಗೂ ಸಂದೇಹ ಬಾರದು. ‘ಬಾಡಿಗೆ’ ಮನೆ, ಅಂಗಡಿಗಳಿಗೆ ಸಲ್ಲುವ ಮಾತು, ದೊಡ್ಡ ಯಂತ್ರಗಳಿಗೆ ಹಗುರವಾಯಿತು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಜೆಸಿಬಿಯನ್ನು ಗಂಟೆ ಲೆಕ್ಕದಲ್ಲಿ ಕರೆಸುವವರು ದಿನವೂ ‘ಗಂಟೆಗೆ ಬಾಡಿಗೆ ಎಷ್ಟು’ ಎಂದೇ ಕೇಳುತ್ತಿರುವಾಗ ಪತ್ರಕ್ಕೆ ಮಾತ್ರ ಬೇರೆ ಪದ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಇದೇ ಬಗೆಯ ಗೊಂದಲ ‘ಬಿಲ್ ಆದ ಮೇಲೆ’ ಎಂಬ ಮಾತಿನಲ್ಲೂ ಇದೆ. ಯಂತ್ರ ಕೊಟ್ಟವರ ಮಟ್ಟಿಗೆ ಬಿಲ್ ಎಂದರೆ ತಾವು ಗುತ್ತಿಗೆದಾರರಿಗೆ ಬರೆದುಕೊಡುವ ಬಾಡಿಗೆಯ ಬಿಲ್. ಗುತ್ತಿಗೆದಾರರ ಬಾಯಲ್ಲಿ ಅದು ತಾವು ಕೆಲಸದ ಮಾಲೀಕರಿಗೆ ಸಲ್ಲಿಸಿ ಪಾಸು ಮಾಡಿಸಿಕೊಳ್ಳಬೇಕಾದ ಬಿಲ್. ‘ಬಿಲ್ ಆದ ಮೇಲೆ ಕೊಡುತ್ತೇನೆ’ ಎಂಬ ಒಪ್ಪಿಗೆಯನ್ನು ಹಾಗೇ ಪತ್ರಕ್ಕೆ ಇಳಿಸಿದರೆ, ಮೂರನೆಯವರು ಹಣ ಬಿಡುಗಡೆ ಮಾಡುವ ತನಕ ಬಾಡಿಗೆ ಕೊಡಬೇಕಾಗಿಲ್ಲ ಎಂದು ವಾದಿಸಲು ದಾರಿಯಾಗುತ್ತದೆ. ಯಾರು ಯಾರಿಗೆ ಕೊಟ್ಟ ಬಿಲ್ ಎಂಬುದನ್ನು ಬಿಡಿಸಿ ಬರೆಯುವುದೊಂದೇ ಇದಕ್ಕೆ ಉಪಾಯ.

‘ಪೂರೈಕೆದಾರ’, ‘ಸರಬರಾಜುದಾರ’ ಎಂಬ ಪದಗಳು ಇನ್ನೊಂದು ಬಗೆಯ ತೊಡಕು. ಸಿಮೆಂಟು, ಕಬ್ಬಿಣ, ಮರಳು ಸರಬರಾಜು ಆಗುತ್ತವೆ. ಆದ ಮೇಲೆ ಅವು ಕೊಂಡವರ ಸ್ವತ್ತು, ಹಿಂದಿರುಗಿಸುವ ಮಾತಿಲ್ಲ. ವೈಬ್ರೇಟರ್, ಜಾಕಿ, ಸೆಂಟ್ರಿಂಗ್ ಶೀಟುಗಳು ಹಾಗಲ್ಲ; ಬಳಸಿ ಮರಳಿಸಬೇಕಾದವು. 1872ರ ಭಾರತೀಯ ಕರಾರು ಅಧಿನಿಯಮ ಈ ಸಂಬಂಧವನ್ನು ಮಾರಾಟದಿಂದ ಬೇರೆಯಾಗಿಯೇ ಇಟ್ಟಿದೆ. ಉದ್ದೇಶ ತೀರಿದ ಮೇಲೆ ಹಿಂದಿರುಗಿಸಬೇಕೆಂಬ ಒಪ್ಪಂದದ ಮೇಲೆ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದನ್ನು ಅದರ 148ನೇ ಪ್ರಕರಣ ಹೇಳುತ್ತದೆ. ವಸ್ತುವನ್ನು ಬಾಡಿಗೆಗೆ ಕೊಟ್ಟಿದ್ದರೆ ಅದರಲ್ಲಿದ್ದ ದೋಷ ಕೊಟ್ಟವರಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ಅದರಿಂದಾದ ಹಾನಿಗೆ ಅವರೇ ಹೊಣೆ ಎಂದು 150ನೇ ಪ್ರಕರಣ ಹೇಳುತ್ತದೆ. ‘ಯಂತ್ರ ಕೆಟ್ಟು ನಿಂತಿತು, ಆ ದಿನಗಳ ಬಾಡಿಗೆ ಕೊಡುವುದಿಲ್ಲ’ ಎಂಬುದು ಬಾಕಿ ಉಳಿಸಿಕೊಂಡವರು ಮುಂದಿಡುವ ಸಾಮಾನ್ಯ ಉತ್ತರವಾದ್ದರಿಂದ ಈ ವ್ಯತ್ಯಾಸ ಬರಿಯ ಪಾಂಡಿತ್ಯದ ಮಾತಲ್ಲ. ‘ಬಾಡಿಗೆಗೆ ಕೊಟ್ಟವರು’, ‘ಬಾಡಿಗೆಗೆ ಪಡೆದವರು’ ಎಂದು ಉದ್ದವಾದರೂ ಸರಿ, ಹಾಗೆ ಬರೆಯುವುದೇ ಒಳ್ಳೆಯದು ಎನಿಸುತ್ತದೆ. ‘ಮಾಲೀಕರು’ ಎಂದು ಚಿಕ್ಕದು ಮಾಡುವುದೂ ಸಲ್ಲದು, ಏಕೆಂದರೆ ಬಾಡಿಗೆಗೆ ಕೊಟ್ಟವರೇ ಬೇರೊಬ್ಬರಿಂದ ತಂದಿರಬಹುದು. ಆಪರೇಟರ್ ಸಮೇತ ಬಂದ ಯಂತ್ರವಾದರೆ ಅದು ಯಂತ್ರದ ಬಾಡಿಗೆಯೋ, ಮಾಡಿದ ಕೆಲಸದ ಕೂಲಿಯೋ ಎಂಬ ಪ್ರಶ್ನೆಯೂ ಏಳುತ್ತದೆ. ಡೀಸೆಲ್ ಯಾರದು, ಆಪರೇಟರ್ ಯಾರ ಮಾತು ಕೇಳಬೇಕು ಎಂಬುದನ್ನು ಪತ್ರದಲ್ಲೇ ಹೇಳಿದ್ದರೆ ಪದದ ಮೇಲಿನ ಭಾರ ಅಷ್ಟು ಕಡಿಮೆಯಾಗುತ್ತದೆ.

‘ಪರವಾನಗಿ ಪಡೆದ’, ‘ನೋಂದಾಯಿತ’, ‘ಅಧಿಕೃತ’ ಎಂಬ ವಿಶೇಷಣಗಳನ್ನು ಒಂದರ ಬದಲು ಒಂದು ಬಳಸುವುದು ತಪ್ಪು ಎಂದಷ್ಟೇ ಇಲ್ಲಿ ಹೇಳುತ್ತೇನೆ. ಪರವಾನಗಿ ಸಂಸ್ಥೆಯ ಹೆಸರಿನಲ್ಲಿದ್ದು ಯಂತ್ರ ತಲುಪಿದಾಗ ಬರೆಯುವ ಚಲನ್ ಮೇಲೆ ಸಹಿ ಮಾತ್ರ ಕೆಲಸದ ಮೇಲ್ವಿಚಾರಕರದ್ದಾಗಿದ್ದರೆ ಬಾಕಿಯನ್ನು ಯಾರಿಂದ ಕೇಳಬೇಕೆಂಬುದೇ ಜಗಳವಾಗುತ್ತದೆ. ಪರವಾನಗಿ ಯಾರ ಹೆಸರಿನಲ್ಲಿದೆ, ಅದರ ಸಂಖ್ಯೆ ಏನು ಎಂಬುದನ್ನು ಕರಾರಿನ ಮೊದಲ ಸಾಲಿನಲ್ಲೇ ಬರೆಯುವುದು ಲೇಸು.

‘ತಗಾದೆ’ ಮತ್ತು ‘ತಕರಾರು’ ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಹೆಚ್ಚು ಬೇಕು. ಬರಬೇಕಾದ ಹಣವನ್ನು ಕೊಡಿ ಎಂದು ಒತ್ತಾಯಿಸುವುದು ‘ತಗಾದೆ’. ಇಂದು ‘ಏನೋ ತಗಾದೆ ತೆಗೆದ’ ಎಂದರೆ ಸುಮ್ಮನೆ ಜಗಳ ತೆಗೆದ, ಅಡ್ಡಿಯೊಡ್ಡಿದ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಅಂದರೆ ಹಣ ಕೇಳುವವರ ಮಾತಾಗಿದ್ದದ್ದು ಕೊಡಲೊಲ್ಲದವರ ಮಾತೂ ಆಗಿಹೋಗಿದೆ. ಕಾನೂನಿನಲ್ಲಿ ಇವೆರಡರ ನಡುವೆ ಗೆರೆ ಸ್ಪಷ್ಟವಾಗಿದೆ. 2016ರ ದಿವಾಳಿ ಸಂಹಿತೆಯಲ್ಲಿ ಬಾಕಿ ಉಳಿಸಿಕೊಂಡ ಕಂಪನಿಗೆ ಬೇಡಿಕೆಯ ನೋಟಿಸ್ ಕೊಟ್ಟಾಗ, ಆ ಬಾಕಿಯ ಬಗ್ಗೆ ವಿವಾದವಿದ್ದರೆ ಅದನ್ನು ತಿಳಿಸಲು ಆ ಕಂಪನಿಗೆ 10 ದಿನಗಳ ಅವಕಾಶವಿದೆ, ಮತ್ತು ನಿಜವಾದ ವಿವಾದ ಮೊದಲೇ ಇತ್ತು ಎಂದು ಕಂಡುಬಂದರೆ ಆ ಸಂಹಿತೆಯಡಿ ಮುಂದುವರಿಯುವ ದಾರಿ ಮುಚ್ಚಿಕೊಳ್ಳುತ್ತದೆ. ಯಂತ್ರ ಕೊಟ್ಟವರೇ ತಮ್ಮ ಪತ್ರದಲ್ಲಿ ‘ನಮ್ಮಿಬ್ಬರ ನಡುವಿನ ತಕರಾರಿನ ಬಗ್ಗೆ’ ಎಂದು ವಿಷಯ ಬರೆದುಬಿಟ್ಟರೆ, ಅವರು ಹೇಳಲು ಹೊರಟದ್ದು ‘ಬಾಕಿಯ ಬಗ್ಗೆ’ ಎಂದಾಗಿದ್ದರೂ ವಿವಾದವಿತ್ತು ಎಂದು ತಾವೇ ಒಪ್ಪಿಕೊಂಡಂತೆ ಎದುರಿನವರು ಅದನ್ನು ಎತ್ತಿ ತೋರಿಸಬಹುದು. ಹಣ ಕೇಳುವ ಪತ್ರಕ್ಕೆ ‘ಬಾಕಿ ಬೇಡಿಕೆ’, ಇನ್ನೊಬ್ಬರು ಅದನ್ನು ಅಲ್ಲಗಳೆದಾಗ ‘ತಕರಾರು’, ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ‘ವ್ಯಾಜ್ಯ’ ಎಂದು ಹಂತ ಹಂತವಾಗಿ ಬಳಸಿದರೆ ಈ ಅಪಾಯ ತಪ್ಪುತ್ತದೆ. ‘ಬಾಕಿ’ ಎಂಬ ಪದಕ್ಕೆ ಇನ್ನೊಂದು ತೂಕವೂ ಇದೆ. 1963ರ ಕಾಲಮಿತಿ ಅಧಿನಿಯಮದಂತೆ ಇಂಥ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಮಿತಿಯಿದ್ದು, ಆ ಅವಧಿ ಮುಗಿಯುವ ಮೊದಲೇ ಬಾಕಿದಾರರು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ‘ನಿಮ್ಮ ವಿಷಯ ಗಮನದಲ್ಲಿದೆ’ ಎಂಬ ಚೀಟಿಗೂ ‘ನಿಮ್ಮ ಬಾಡಿಗೆ ಬಾಕಿ ಇಷ್ಟಿದೆ’ ಎಂಬ ಚೀಟಿಗೂ ಇರುವ ಅಂತರ ಅಷ್ಟು ದೊಡ್ಡದು.

ಈಗ ನನ್ನ ಮುಖ್ಯ ಪ್ರಶ್ನೆ. ಇಂಥ ಕರಾರುಗಳ ಕೊನೆಯಲ್ಲಿ ‘ವಿವಾದ ಉಂಟಾದಲ್ಲಿ ಮಧ್ಯಸ್ಥಿಕೆಯ ಮೂಲಕ ಪರಿಹರಿಸಿಕೊಳ್ಳತಕ್ಕದ್ದು’ ಎಂಬ ಷರತ್ತು ಇರುತ್ತದೆ. ‘ಪರಿಹಾರ’ ಎಂದರೆ ನಷ್ಟಕ್ಕೆ ಕೊಡುವ ಹಣವೂ ಹೌದು, ಸಮಸ್ಯೆಗೆ ಸಿಗುವ ದಾರಿಯೂ ಹೌದು. ಅದನ್ನು ‘ಇತ್ಯರ್ಥ’ ಎಂದು ಬದಲಿಸಿದರೆ ಸಾಕು. ‘ಮಧ್ಯಸ್ಥಿಕೆ’ಯನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ಮೀಡಿಯೇಷನ್‌ಗೂ ಆರ್ಬಿಟ್ರೇಷನ್‌ಗೂ ನಾವು ಇದೊಂದೇ ಪದವನ್ನು ಬಳಸುತ್ತಿದ್ದೇವೆ. ನ್ಯಾಯಾಲಯಗಳ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ನಡೆಯುವುದು ಮೊದಲನೆಯದು. ಅಲ್ಲಿ ನಡುವೆ ಕುಳಿತವರು ಇಬ್ಬರನ್ನೂ ಮಾತಿಗೆ ಕೂರಿಸುತ್ತಾರೆ, ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ, ಒಪ್ಪದಿದ್ದರೆ ಎದ್ದು ಬರಬಹುದು. ಎರಡನೆಯದರಲ್ಲಿ ನಡುವೆ ಕುಳಿತವರೇ ತೀರ್ಮಾನಿಸುತ್ತಾರೆ. 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಅಧಿನಿಯಮದಂತೆ ಆ ತೀರ್ಮಾನ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ, ನ್ಯಾಯಾಲಯದ ಡಿಕ್ರಿಯಂತೆ ಜಾರಿಯೂ ಆಗುತ್ತದೆ. ಅದಕ್ಕೆ ಒಪ್ಪಂದ ಬರಹದಲ್ಲಿರಬೇಕೆಂದು ಅದೇ ಅಧಿನಿಯಮ ಹೇಳುವುದರಿಂದ, ಬರೆದ ಪದ ಯಾವುದನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೆ ಮಹತ್ವ ಬರುತ್ತದೆ. ಬಾಡಿಗೆ ಬರಬೇಕಾದವರು ಇದು ಕಟ್ಟಿಹಾಕುವ ತೀರ್ಮಾನದ ಷರತ್ತು ಎನ್ನುತ್ತಾರೆ. ಕೊಡಬೇಕಾದವರು ಮಾತುಕತೆಗಷ್ಟೇ ಒಪ್ಪಿದ್ದೆವು ಎನ್ನುತ್ತಾರೆ. ಬಾಕಿ ಎಷ್ಟು ಎಂಬ ಪ್ರಶ್ನೆಗೆ ಬರುವ ಮೊದಲೇ ಈ ಒಂದು ಪದದ ಮೇಲೆ ತಿಂಗಳುಗಳು ಕಳೆಯುತ್ತವೆ.

ನನಗೆ ತೋಚಿದ ದಾರಿ ಇದು. ಮೊದಲನೆಯದನ್ನು ‘ಸಂಧಾನ’ ಎನ್ನಬಹುದು. ಎರಡನೆಯದಕ್ಕೆ ‘ಪಂಚಾಯ್ತಿ’ ಎಂಬ ಹಳೆಯ ಪದವಿದೆಯಾದರೂ ಸ್ಥಳೀಯ ಆಡಳಿತದ ಅರ್ಥ ಅದರಲ್ಲಿ ಬೇರೂರಿರುವುದರಿಂದ ಮತ್ತೊಂದು ಗೊಂದಲವಾದೀತು. ಆದರೆ ಭೂಸ್ವಾಧೀನ, ಕಾರ್ಮಿಕ ವಿವಾದ, ನದಿ ನೀರಿನ ಹಂಚಿಕೆ ಮೊದಲಾದ ಕಡೆಗಳಲ್ಲಿ ಇಂಗ್ಲಿಷಿನ ‘ಅವಾರ್ಡ್’ಗೆ ಬಳಕೆಯಲ್ಲಿರುವ ‘ಐತೀರ್ಪು’ ಎಂಬ ಪದ ನಮ್ಮ ಬಳಿ ಇದೆ. ಐವರು ಪಂಚರು ಕೂಡಿ ಕೊಟ್ಟ ತೀರ್ಪಿನ ನೆನಪು ಅದರಲ್ಲಿ ಕಾಣುತ್ತದೆ, ಮತ್ತು ಸಂಧಾನಕ್ಕೆ ಅದನ್ನು ಯಾರೂ ಬಳಸುವುದಿಲ್ಲ. ಆದ್ದರಿಂದ ‘ತಕರಾರು ಬಂದಲ್ಲಿ ಮೊದಲು ಸಂಧಾನಕ್ಕೆ ಕೂರತಕ್ಕದ್ದು, ಅದು ಫಲಿಸದಿದ್ದರೆ ಇಬ್ಬರೂ ಒಪ್ಪಿ ನೇಮಿಸಿದ ಪಂಚರು ಕೊಡುವ ಐತೀರ್ಪಿಗೆ ಇಬ್ಬರೂ ಬದ್ಧರಾಗಿರತಕ್ಕದ್ದು’ ಎಂದು ಬರೆದರೆ ಹೇಗಾದೀತು?

ನ್ಯಾಯಾಲಯದಲ್ಲಿ ಕನ್ನಡದ ಕರಾರುಗಳನ್ನು ಓದಿ ವಾದಿಸಿದ ಅನುಭವವುಳ್ಳವರು ಆರ್ಬಿಟ್ರೇಷನ್‌ಗೆ ಯಾವ ಪದವನ್ನು ಕಂಡಿದ್ದೀರಿ, ‘ಐತೀರ್ಪು’ ಖಾಸಗಿ ಕರಾರಿನಲ್ಲಿ ಎಲ್ಲಾದರೂ ಬಂದಿದೆಯೇ ಎಂದು ದಯವಿಟ್ಟು ತಿಳಿಸಿ. ಗುತ್ತಿಗೆ ಕೆಲಸದಲ್ಲಿರುವ ಸದಸ್ಯರು ಮೇಲಿನ ಷರತ್ತನ್ನು ಓದಿದೊಡನೆ, ಯಾರೂ ವಿವರಿಸದೆಯೇ, ಪಂಚರು ಹೇಳಿದ ಮೇಲೆ ಬಾಕಿ ಕಟ್ಟಲೇಬೇಕು ಎಂಬ ಅರ್ಥ ನಿಮಗೆ ಬರುತ್ತದೆಯೇ ಎಂಬುದನ್ನು ಬರೆದರೆ ನನಗೆ ದೊಡ್ಡ ಉಪಕಾರವಾಗುತ್ತದೆ.