ಹೊಸ ವ್ಯಾಗನ್ ಹಳೆಯದಾಗಿ ಕಾಣಬೇಕು, ಹೇಗೆ?

ರೈಲಿನಲ್ಲಿ ಅದಿರು ಸಾಗಿಸುವ, ಮೇಲ್ಭಾಗ ತೆರೆದ ಬಾಕ್ಸ್‌ಎನ್ ವ್ಯಾಗನ್‌ನ ಮಾಡೆಲ್ ಕಟ್ಟಿದ್ದೇನೆ, ಅಳತೆ 1:87. ಕಂದು ಅಕ್ರಿಲಿಕ್ ಬಣ್ಣ ಹೊಡೆದಾಯ್ತು. ಆದರೆ ಆಟಿಕೆ ಥರ ಕಾಣುತ್ತಿದೆ. ಹೊಸಪೇಟೆ ಕಡೆ ವರ್ಷಗಟ್ಟಲೆ ಓಡಾಡಿದಂತೆ ಕಾಣಬೇಕು. ಎಲ್ಲಿಂದ ಶುರು ಮಾಡಲಿ?

* * *

ನಿಜವಾದ ವ್ಯಾಗನ್‌ನ ಫೋಟೋ ಎದುರಿಗೆ ಇಟ್ಟುಕೊಳ್ಳಿ ಸರ್. ತುಕ್ಕು ಸುಮ್ನೆ ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ಲೋಡರ್ ಬಕೆಟ್ ತಾಗುವ ಮೇಲಂಚಿನಲ್ಲಿ ಬಣ್ಣ ಎದ್ದಿರುತ್ತದೆ. ಮಳೆನೀರು ಇಳಿಯುವ ಕಡೆ ಗೆರೆ ಬಿದ್ದಿರುತ್ತದೆ. ಚಕ್ರದ ಸುತ್ತ ಬ್ರೇಕಿನ ಕಂದು ಪುಡಿ ಕೂತಿರುತ್ತದೆ. ನಿಮ್ಮ ಅಳತೆಯಲ್ಲಿ 1 ಮಿ.ಮೀ. ಚುಕ್ಕೆ ಅಂದರೆ ನಿಜದಲ್ಲಿ 8.7 ಸೆಂ.ಮೀ. ಅಗಲದ ಕಲೆ! ಕೈ ಹಗುರ ಇರಲಿ.

ಗೆರೆಗೆ ನಾನು ಬಳಸುವುದು ಕಲಾವಿದರ ಆಯಿಲ್ ಪೇಂಟ್. ಚೂರು ಬರ್ನ್ಟ್ ಅಂಬರ್ (ಗಾಢ ಕಂದು) ತೆಗೆದು ರಟ್ಟಿನ ಮೇಲೆ ಅರ್ಧ ಗಂಟೆ ಬಿಡಿ, ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಸೂಜಿಮೊನೆಯಷ್ಟು ಚುಕ್ಕೆ ಇಡಿ. ಚಪ್ಪಟೆ ಬ್ರಷ್ಷನ್ನು ವೈಟ್ ಸ್ಪಿರಿಟ್‌ನಲ್ಲಿ (ಆಯಿಲ್ ಪೇಂಟ್ ತೆಳುಮಾಡುವ ತಿನ್ನರ್) ಅದ್ದಿ, ಬಟ್ಟೆಗೆ ಚೆನ್ನಾಗಿ ಒರೆಸಿ, ಮೇಲಿನಿಂದ ಕೆಳಕ್ಕೆ ಎಳೆಯಿರಿ. ಚುಕ್ಕೆ ಮಾಸುತ್ತಾ ಮಾಸುತ್ತಾ ಗೆರೆಯಾಗುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ಜಾಸ್ತಿ ಆಯ್ತಾ? ಅದೇ ಬ್ರಷ್ಷಿನಿಂದ ಒರೆಸಿಬಿಡಿ. ಕೆಳಗಿನ ಅಕ್ರಿಲಿಕ್ ಪೂರ್ತಿ ಒಣಗಿದ್ದರೆ ಅದಕ್ಕೆ ಏನೂ ಆಗಲ್ಲ.

* * *

ಸಂದಿಗಳಿಗೆ ವಾಷ್ (ತಿನ್ನರ್ ಬೆರೆಸಿ ನೀರಾಗಿಸಿದ ಬಣ್ಣ) ಬಿಡುವುದಾದರೆ ಮೊದಲು ಹೊಳಪಿನ ವಾರ್ನಿಷ್ ಹೊಡೆಯಿರಿ. ನಾನು ಒಮ್ಮೆ ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲೆ ನೇರವಾಗಿ ಬಿಟ್ಟು ಒಂದು ಇಡೀ ಪಕ್ಕ ಕಲೆಯಾಗಿತ್ತು. ಬಣ್ಣ ಹೊಡೆಯದ ಪ್ಲಾಸ್ಟಿಕ್ ಮೇಲೆ ತಿನ್ನರ್ ನಿಲ್ಲಲು ಬಿಡಲೇಬೇಡಿ. ನನ್ನ ಮಾಡೆಲ್‌ನ ಬೋಗಿಯ (ಚಕ್ರಗಳನ್ನು ಹಿಡಿದಿಡುವ ಚೌಕಟ್ಟು) ಸಣ್ಣ ತುಂಡೊಂದು ಹಾಗೇ ಸೀಳಿ ಹೋಯ್ತು.

* * *

ಬಣ್ಣ ಎದ್ದ ಜಾಗಕ್ಕೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರು ಸಾಕು. ಗಾಢ ಕಂದಿನಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಒತ್ತಿ ಬಣ್ಣ ಕಳೆದು, ಆಮೇಲೆ ಅಂಚಿಗೆ ಮೆಲ್ಲಗೆ ತಾಗಿಸಿ. ಮುಂದಿನ ವ್ಯಾಗನ್‌ಗೆ ಹೇರ್‌ಸ್ಪ್ರೇ ಮಾಡಿ ನೋಡಿ: ತುಕ್ಕಿನ ಬಣ್ಣ, ಅದು ಒಣಗಿದ ಮೇಲೆ ಹೇರ್‌ಸ್ಪ್ರೇ, ಮೇಲೆ ತೆಳ್ಳಗೆ ಅಕ್ರಿಲಿಕ್. ಅವತ್ತೇ ನೀರು ಹಚ್ಚಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಮೇಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

* * *

ನಮ್ಮೂರು ಹೊಸಪೇಟೆಯೇ, ಅದಕ್ಕೆ ಧೂಳಿನ ಮಾತು ನಾನು ಹೇಳುತ್ತೇನೆ. ಇಲ್ಲಿನ ಕಬ್ಬಿಣದ ಅದಿರು ಹೆಮಟೈಟ್, ಅದರ ಗಟ್ಟಿ ಬೂದುಗಪ್ಪಾಗಿ ಹೊಳೆಯಬಹುದು, ಪುಡಿ ಮಾತ್ರ ಕೆಂಗಂದು. ಹಾಗಾಗಿ ಒಳಗಿನ ಲೋಡಿಗೆ ಒಂದು ಬಣ್ಣ, ಅಂಚಿನ ಧೂಳಿಗೆ ಇನ್ನೊಂದು. ಪೇಸ್ಟಲ್ ಕಡ್ಡಿಯನ್ನು ಮರಳು ಕಾಗದಕ್ಕೆ ತಿಕ್ಕಿ ಪುಡಿ ಮಾಡಿ, ಮೆತ್ತನೆ ಬ್ರಷ್ಷಿನಲ್ಲಿ ಹಚ್ಚಿ. ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರೆ ಅರ್ಧ ಧೂಳು ಮಾಯವಾಗುತ್ತದೆ, ಮೊದಲೇ ಸ್ವಲ್ಪ ಜಾಸ್ತಿ ಹಚ್ಚಿರಿ. ಆದ ಮೇಲೆ ಫೋಟೋ ಹಾಕಿ, ಅಂಚಿನ ಕೆಂಪು ಸರಿ ಇದೆಯಾ ನೋಡಿ ಹೇಳುತ್ತೇನೆ.