ಮಾತ್ರೆ ಶುರುವಾದಾಗಿಂದ ನಿದ್ದೆ ಇಲ್ಲ, ಏನು ಮಾಡಲಿ?

ಕೇಳಿದವರು, ಮಂಡ್ಯ:
ಎಚ್‌ಐವಿಗೆ ಟಿ.ಎಲ್.ಡಿ. (ಮೂರು ಔಷಧಿ ಸೇರಿದ ಒಂದೇ ಮಾತ್ರೆ) ಶುರು ಮಾಡಿ 12 ದಿನ ಆಯ್ತು. ರಾತ್ರಿ ಊಟ ಆದ ಮೇಲೆ ನುಂಗುತ್ತೇನೆ. ನಿದ್ದೆನೇ ಬರುವುದಿಲ್ಲ, ಹೊಟ್ಟೆ ತೊಳಸುತ್ತದೆ. ನಾಲ್ಕು ದಿನ ಬಿಟ್ಟು ನೋಡಲಾ?

ಮೈಸೂರಿನಿಂದ:
ಬಿಡಬೇಡ ತಂಗಿ. ಮೊದಲು ಅದನ್ನೇ ಹೇಳುತ್ತೇನೆ. ನಾನು 2014ರಿಂದ ಮಾತ್ರೆಯಲ್ಲಿದ್ದೇನೆ. ಆಗ ಎಫಾವಿರೆಂಜ್ ಅನ್ನುವ ಬೇರೆ ಔಷಧಿ ಸೇರಿದ ಮಾತ್ರೆ ಕೊಡುತ್ತಿದ್ದರು. ನುಂಗಿ ಮಲಗಿದರೆ ತಲೆ ಗಿರ್ರನೆ ತಿರುಗುತ್ತಿತ್ತು. ಕೆಟ್ಟ ಕೆಟ್ಟ ಕನಸು. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದೆ. ಹೆದರಿ ಒಂದು ವಾರ ಬಿಟ್ಟುಬಿಟ್ಟೆ, ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಸಿಸ್ಟರ್ ಡಬ್ಬಿ ಬಗ್ಗಿಸಿ ಮಾತ್ರೆ ಎಣಿಸಿದರು. ಏಳು ಜಾಸ್ತಿ ಇತ್ತು. ಬೈಯಲಿಲ್ಲ. ಕೂರಿಸಿಕೊಂಡು, ಹೀಗೆ ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಔಷಧಿಗೆ ಬಗ್ಗುವುದಿಲ್ಲ ಅಂತ ಬಿಡಿಸಿ ಹೇಳಿದರು.

ನಿನ್ನ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ ಅಲ್ವಾ, ಕೆಲವರಿಗೆ ಅದು ನಿದ್ದೆ ಕೆಡಿಸುತ್ತದೆ. ನನಗೂ ಮಾತ್ರೆ ಬದಲಾದಾಗ ಹಾಗೇ ಆಯ್ತು. ಡಾಕ್ಟರನ್ನು ಕೇಳಿ ಬೆಳಿಗ್ಗೆ ತಿಂಡಿ ಹೊತ್ತಿಗೆ ಮಾಡಿಕೊಂಡೆ. ವಾರದೊಳಗೆ ನಿದ್ದೆ ಹತ್ತಿತು. ನೀನೂ ಕೇಳು. ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಮೊದಲ ಕೆಲವು ವಾರ ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಆಗದಿದ್ದರೆ ಎರಡು ಇಡ್ಲಿ ತಿಂದು ನುಂಗು. ಆದರೆ ಮೈಯೆಲ್ಲ ಗುಳ್ಳೆ ಎದ್ದು ಜ್ವರ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದೇ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮಂಡ್ಯದಿಂದಲೇ ಇನ್ನೊಬ್ಬರು:
ಅಕ್ಕ ಹೇಳಿದ್ದು ಸರಿ. ಹೊಟ್ಟೆ ಉರಿ ಅಂತ ಜೆಲುಸಿಲ್ ಥರದ್ದು ಕುಡಿಯುತ್ತೀರಾ? ಹಾಗಿದ್ದರೆ ಅದಕ್ಕೆ 2 ಗಂಟೆ ಮುಂಚೆ ಈ ಮಾತ್ರೆ ತಗೊಳ್ಳಿ, ಇಲ್ಲಾ 6 ಗಂಟೆ ಬಿಟ್ಟು ತಗೊಳ್ಳಿ. ಒಟ್ಟಿಗೆ ತಗೊಂಡರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಐರನ್, ಕ್ಯಾಲ್ಸಿಯಂ ಮಾತ್ರೆ ಇದ್ದರೂ ಹೇಳಿಬಿಡಿ. ಅವನ್ನು ಊಟದ ಜೊತೆ ಇದರೊಂದಿಗೇ ತಗೊಳ್ಳಬಹುದು, ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ಶುಗರ್ ಮಾತ್ರೆ ಇದ್ದರೂ ಹೇಳಿ. ನಮ್ಮ ಅಣ್ಣನಿಗೆ ಶುಗರ್ ಇದೆ, ಅದಕ್ಕೆ ಮೆಟ್‌ಫಾರ್ಮಿನ್ ಎಷ್ಟು ನುಂಗುತ್ತಾನೆ ಅಂತ ಡಾಕ್ಟರೇ ಕೇಳಿ ಆ ಮೆಟ್‌ಫಾರ್ಮಿನ್ ಡೋಸ್ ಕಮ್ಮಿ ಮಾಡಿದರು.

ಮುಂದಿನ ತಾರೀಖಿನವರೆಗೆ ಸುಮ್ನೆ ಒದ್ದಾಡಬೇಡಿ. ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೇ ಎ.ಆರ್.ಟಿ. (ಎಚ್‌ಐವಿ ಚಿಕಿತ್ಸೆ) ಸೆಂಟರ್ ಇದೆ, ಮೊದಲೇ ಹೋಗಿ. ಹೋಗಲು ಆಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಬಸ್ಸಿನಲ್ಲಿ ಡಬ್ಬಿ ಗಲಗಲ ಅನ್ನುತ್ತದೆ ಅನ್ನುವ ಅಂಜಿಕೆ ನಮಗೂ ಇತ್ತು. ಮುಚ್ಚಳದ ಕೆಳಗೆ ಒಂದು ಉಂಡೆ ಒಣ ಹತ್ತಿ ಇಡಿ, ಸದ್ದೇ ಬರುವುದಿಲ್ಲ.